ಎತ್ತಿನ ವರ್ಷದ ಹುಡುಗಿ

ಸಾವಿರದ ಒಂಬೈನೂರ ನಲವತ್ತಾರರ ಬೇಸಿಗೆಯಲ್ಲಿ ಸರಸಂಬಾದ ದಶರಥನಿಗೆ ಆಳಂದದ ಕಚೇರಿಯಿಂದ ಕರೆ ಬಂತು. ಮೂರು ಹರದಾರಿ ನಡೆದು ಹೋದ. ಕಾರಕೂನ ಸಲಾವುದ್ದೀನ ಇಂಗ್ಲಿಷಿನ ಕಾಗದವೊಂದನ್ನು ಮುಂದಿಟ್ಟುಕೊಂಡು, ನಾಲ್ಕು ವರ್ಷದ ಹಿಂದೆ ಕಳೆದುಹೋದ ಅವನ ಮಗಳು ಸಿಕ್ಕಿದ್ದಾಳೆಂದು ಹೇಳಿದ. ಬಂಗಾಲದ ಚಟಗಾಂವಿನ ಅನಾಥಾಶ್ರಮದಲ್ಲಿದ್ದಳಂತೆ. ಹೆಸರು ಅಂಬು ಎನ್ನುತ್ತಾಳೆ, ಅವ್ವ ಎಂಬ ಮಾತು ಗೊತ್ತಿದೆ, ಬರ್ಮಾದ ರಂಗೂನಿನಿಂದ ಬಂದವಳು. ಕಲಕತ್ತೆಯಲ್ಲಿ ದಶರಥ ಬರೆಸಿದ್ದ ಅರ್ಜಿಯೊಂದಿಗೆ ಇವೆಲ್ಲ ಕೂಡಿಬಂದದ್ದರಿಂದ ಕಳಿಸಿಕೊಡುತ್ತಿದ್ದೇವೆ ಎಂದು ಬರೆದಿದ್ದರು.

ದಶರಥ ಹದಿನೆಂಟರ ಹರೆಯದಲ್ಲಿ ಸೊಲ್ಲಾಪುರದ ಗಿರಣಿಗೆ ಹೋಗಿ, ಅಲ್ಲಿಂದ ಒಬ್ಬ ಮೇಸ್ತ್ರಿಯ ಬೆನ್ನು ಹತ್ತಿ ಹಡಗು ಏರಿದ್ದ. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನಿಗೆ ರಂಗೂನಿನಲ್ಲಿ ಯಾರೂ ಜಾತಿ ಕೇಳಲಿಲ್ಲ. ಅವನು ಚೀನೀ ಬಡಗಿಯೊಬ್ಬನ ಅಂಗಳದಲ್ಲಿ ಮರ ಕೊಯ್ಯುತ್ತಿದ್ದ. ಎರಡು ವರ್ಷದ ಮೇಲೆ ಊರಿಗೆ ಬಂದು ದ್ರೌಪದಿಯನ್ನು ಮದುವೆಯಾಗಿ ಕರೆದುಕೊಂಡು ಹೋದ. ಮಗಳು ಅಂಬುಬಾಯಿ ಅಲ್ಲಿಯೇ ಹುಟ್ಟಿದಳು. ಬಡಗಿಯ ಮುದಿ ತಾಯಿ, ದ್ರೌಪದಿ ಚೀನಾ ಆಯಿ ಎಂದು ಕರೆಯುತ್ತಿದ್ದಾಕೆ, ಬಾಣಂತನ ಮಾಡಿದಳು. ತಿಂಗಳು ತುಂಬಿದ ದಿನ ಕೆಂಪು ಬಣ್ಣ ಹಚ್ಚಿದ ಮೊಟ್ಟೆ ಹಂಚಿ, ಕೂಸಿನ ತಲೆಗೆ ಹುಲಿಯ ಮೋರೆಯ ಕುಲಾಯಿ ತೊಡಿಸಿದಳು. ಆಗ ಅವರ ಗೋಡೆಯ ಮೇಲೂ ಹುಲಿಯ ಚಿತ್ರ ತೂಗುಹಾಕಿತ್ತು. ಚೀನೀಯರಲ್ಲಿ ವರ್ಷಕ್ಕೊಂದು ಪ್ರಾಣಿ, ಹನ್ನೆರಡು ಪ್ರಾಣಿಗಳು ಮುಗಿದರೆ ಮತ್ತೆ ಮೊದಲಿನಿಂದ, ಹುಟ್ಟಿದವರಿಗೆಲ್ಲ ಆ ವರ್ಷದ ಪ್ರಾಣಿಯ ಗುಣ ಎಂಬುದನ್ನು ದಶರಥ ಅಂಗಳದಲ್ಲಿ ಕೇಳಿ ಬಲ್ಲವನಾಗಿದ್ದ. ತನ್ನ ಮಗಳು ಹುಲಿ ಎಂದು ಜೊತೆಯವರ ಮುಂದೆ ಹೇಳಿಕೊಂಡು ತಿರುಗಿದ.

ಜಪಾನಿಯರ ಬಾಂಬು ಬಿದ್ದ ಮೇಲೆ ಎಲ್ಲರಂತೆ ಅವರೂ ಓಡಿದರು. ಅರಕಾನದ ಗುಡ್ಡ ದಾಟಿ ಹೊಳೆಯ ದಂಡೆಗೆ ಬಂದಾಗ ಸಾವಿರಾರು ಜನ ದೋಣಿಗಾಗಿ ಕಾದಿದ್ದರು. ದೋಣಿ ಬಂದದ್ದೇ ಜನ ನುಗ್ಗಿದರು. ನೂಕಾಟದಲ್ಲಿ ದಶರಥನ ಕೈಯೊಳಗಿದ್ದ ಮಗಳ ಕೈ ಜಾರಿತು. ಎರಡು ದಿನ ದಂಡೆಯ ಮೇಲೆ ಹುಡುಕಿದರು. ಮೂರನೆಯ ದಿನ ದ್ರೌಪದಿಗೆ ವಾಂತಿಭೇದಿ ಹತ್ತಿತು. ಹೆಂಡತಿಯನ್ನಾದರೂ ಉಳಿಸಿಕೊಳ್ಳಬೇಕೆಂದು ಅವನು ಆಕೆಯನ್ನು ಹೊತ್ತು ದೋಣಿ ಏರಿದ. ಕಲಕತ್ತೆ ಮುಟ್ಟಿ, ಮಗಳನ್ನು ಹುಡುಕಿಕೊಡಬೇಕೆಂದು ಅರ್ಜಿ ಬರೆಸಿ ಊರಿಗೆ ಮರಳಿದರು. ಅದಾದ ಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಆಶ್ರಮದ ಬಾಯಿಯೊಬ್ಬಳು ಕಲಬುರಗಿಯ ಸ್ಟೇಷನ್ನಿನಲ್ಲಿ ಹುಡುಗಿಯನ್ನು ಒಪ್ಪಿಸಿದಳು. ಕಳೆದಾಗ ನಾಲ್ಕು ವರ್ಷದ ಕೂಸು. ಈಗ ಇಳಿದವಳು ತಲೆಗೂದಲು ಕತ್ತರಿಸಿದ, ಸಿಡುಬಿನ ಕಲೆ ತುಂಬಿದ ಮೋರೆಯ ಬಡಕಲು ಹುಡುಗಿ. ದಶರಥ ನೋಡಿದ, ನೋಡಿದ, ಏನೂ ಗುರುತು ಹತ್ತಲಿಲ್ಲ. ದ್ರೌಪದಿ ಮಾತ್ರ ಅಲ್ಲಿಯೇ ಕುಳಿತು ಹುಡುಗಿಯನ್ನು ಮಡಿಲಿಗೆ ಎಳೆದುಕೊಂಡಳು. ಗಾಡಿ ಹೋಗಿ ಪ್ಲಾಟ್‌ಫಾರ್ಮು ಖಾಲಿಯಾದರೂ ಬಿಡಲಿಲ್ಲ.

ಹುಡುಗಿ ಮೊದಲು ಹಿಂದುಸ್ತಾನಿಯಲ್ಲಿ ಮಾತಾಡುತ್ತಿದ್ದಳು. ಮುಂಗಾರು ಬಿತ್ತನೆ ಮುಗಿಯುವಷ್ಟರಲ್ಲಿ ಕೇರಿಯ ಮಾತು ಬಾಯಿಗೆ ಬಂತು. ದ್ರೌಪದಿಯ ಹಿಂದೆ ಕಳೆ ತೆಗೆಯಲು ಹೋದಳು, ಜೋಳ ಬೀಸಿದಳು, ದಶರಥನನ್ನು ಅಪ್ಪ ಎಂದು ಕರೆದಳು. ಅವನಿಗೂ ಆ ಕರೆ ಹಿತವೆನಿಸತೊಡಗಿತ್ತು.

ಒಂದು ದಿನ ಪಕ್ಕದ ಮನೆಯವರು ವಯಸ್ಸು ಕೇಳಿದರು. ಹುಡುಗಿ ತಾನು ಎತ್ತಿನ ವರ್ಷದವಳು ಎಂದು, ಬೆರಳು ಮಡಚುತ್ತ ಎಣಿಸತೊಡಗಿದಳು. ಎತ್ತು, ಹುಲಿ, ಮೊಲ, ಹಾರುವ ಸರ್ಪ, ಹಾವು, ಕುದುರೆ, ಕುರಿ, ಮಂಗ, ಹುಂಜ; ಈ ವರ್ಷ ನಾಯಿ; ಅಲ್ಲಿಗೆ ಹತ್ತು. ರಂಗೂನಿನಲ್ಲಿ ಒಬ್ಬ ಅಜ್ಜಿ ಯಾರು ಕೇಳಿದರೂ ಎತ್ತು ಎನ್ನಬೇಕೆಂದು ಕಲಿಸಿದ್ದಳಂತೆ. ಆಶ್ರಮದಲ್ಲಿದ್ದ ಚೀನೀ ನರ್ಸು ಅದರಿಂದಲೇ ಅವಳ ವಯಸ್ಸು ಲೆಕ್ಕ ಹಾಕಿ ಅಲ್ಲಿನ ಕಾಗದಕ್ಕೆ ಹತ್ತು ಎಂದು ಬರೆಸಿದ್ದಳಂತೆ.

ಕೇಳಿದವರು ನಕ್ಕರು. ಕಟ್ಟೆಯ ಮೇಲೆ ಕೊಡಲಿಗೆ ಮರದ ಕಾವು ಕೂಡಿಸುತ್ತಿದ್ದ ದಶರಥನ ಕೈ ನಿಂತಿತು. ಅವನ ಮಗಳಿಗೆ ಎಂಟು ತುಂಬಿ ಕೆಲವು ತಿಂಗಳಾಗಿರಬೇಕು. ಅವಳು ಹುಲಿ. ಎತ್ತಿನ ವರ್ಷದಲ್ಲಿ ಹುಟ್ಟಿ ಹತ್ತು ವರ್ಷದವಳಾದ ಈ ಹುಡುಗಿ ಯಾರು?

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಈ ಹುಡುಗಿ ಬೇರೆಯವರ ಮಗಳಾದರೆ ಸಾಕಬಾರದೆಂದೇನೂ ಅವನಿಗಿರಲಿಲ್ಲ. ಅವನನ್ನು ತಿಂದದ್ದು ಬೇರೆ. ಇವಳು ಅಲ್ಲವಾದರೆ ತನ್ನ ಮಗಳು ಇನ್ನೂ ಎಲ್ಲಿಯೋ ಇದ್ದಾಳೆ. ಇವಳು ಮನೆಗೆ ಬಂದದ್ದರಿಂದ ಅವಳನ್ನು ಹುಡುಕುವುದು ನಿಂತುಹೋಗಿದೆ. ಒಮ್ಮೆ ಕೈ ಬಿಟ್ಟವನು ಈಗ ಎರಡನೆಯ ಸಲ ಬಿಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು. ಹುಡುಗಿ ಅಪ್ಪ ಎಂದರೆ ಕೇಳಿಸದವನಂತೆ ಎದ್ದು ಹೋಗತೊಡಗಿದ.

ದ್ರೌಪದಿಗೆ ಹೇಳದೆ ಆಳಂದಕ್ಕೆ ಹೋಗಿ ಸಲಾವುದ್ದೀನನಿಂದ ಆಶ್ರಮಕ್ಕೆ ಕಾಗದ ಬರೆಸಿದ. ಈ ಹುಡುಗಿ ತನ್ನ ಮಗಳಲ್ಲ, ಇವಳನ್ನು ವಾಪಸು ಕರೆದುಕೊಂಡು ತನ್ನ ಮಗಳನ್ನು ಹುಡುಕಬೇಕು ಎಂದು. ಸಲಾವುದ್ದೀನ ಬರೆಯುವ ಮೊದಲು ಎರಡು ಸಲ ವಿಚಾರ ಮಾಡು ಎಂದ. ದಶರಥ ವಿಚಾರ ಮಾಡಿಯೇ ಬಂದೇನಿ ಎಂದ.

ದೀಪಾವಳಿ ಕಳೆದ ಮೇಲೆ ಉತ್ತರ ಬಂತು. ಆಶ್ರಮದ ಬಾಯಿ ಇಂಥ ದಿನ ಸೊಲ್ಲಾಪುರದ ಸ್ಟೇಷನ್ನಿನಲ್ಲಿ ಇರುತ್ತಾಳೆ, ಹುಡುಗಿಯನ್ನು ಕರೆತರಬೇಕು ಎಂದು. ಅಂದು ಮನೆಯಲ್ಲಿ ಹೇಳಲೇಬೇಕಾಯಿತು. ದ್ರೌಪದಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲಿಯೇ ಎದ್ದು ನಿಂತಳು.

"ಒಂದ್ ಎತ್ತಿನ ಮಾತಿಗೆ ಕೂಸಿನ್ನ ಹೊರಗ ಹಾಕ್ತೀರೇನ್ರಿ?"

"ನಮ್ಮ ಕೂಸು ಎಲ್ಲಿ ಬಿದ್ದದೋ ಏನೋ, ದ್ರೌಪದಿ. ಅಕಿನ್ನ ಯಾರು ಹುಡುಕ್ಬೇಕು?"

ದ್ರೌಪದಿ ಮತ್ತೆ ಒಲೆಯ ಮುಂದೆ ಕುಳಿತಳು. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿದ್ದಳು. ಒಳಗೆ ಬಂದು ದಶರಥನ ಎದುರು ಕುಳಿತಳು.

"ನಾ ಸುಳ್ಳ ಹೇಳಿಲ್ರಿ. ನಾ ಯಾರ ಮಗಳು ಅಂತ ನನಗೂ ಗೊತ್ತಿಲ್ಲ. ಅಂಬು ಅಂತ ಕರೀತಿದ್ರು, ಅಷ್ಟೇ ನೆನಪದ."

ಆ ದಿನದಿಂದ ಅವಳು ಅವನನ್ನು ಅಪ್ಪ ಎನ್ನುವುದನ್ನು ಬಿಟ್ಟಳು.

ದ್ರೌಪದಿ ಹೊಸ ಕುಬಸ ಹೊಲಿಸಿ ತೊಡಿಸಿ, ಬುತ್ತಿ ಕಟ್ಟಿಕೊಟ್ಟಳು. ಆದರೆ ಹೊಸ್ತಿಲ ಆಚೆ ಬರಲಿಲ್ಲ. ದುಧನಿಯವರೆಗೆ ನಡೆದು, ಅಲ್ಲಿಂದ ರೈಲು ಹಿಡಿದು ಅವರಿಬ್ಬರೂ ಸೊಲ್ಲಾಪುರ ಸೇರಿದರು. ಆಶ್ರಮದ ಬಾಯಿಯ ಗಾಡಿ ಬರಲು ಮಧ್ಯಾಹ್ನದವರೆಗೆ ಹೊತ್ತಿತ್ತು. ಹುಡುಗಿಗೆ ಒಂದು ಜೊತೆ ಚಪ್ಪಲಿಯಾದರೂ ಕೊಡಿಸೋಣವೆಂದು ದಶರಥ ಪೇಟೆಯ ಕಡೆ ನಡೆದ. ಬಿಸಿಲಿಗೆ ಅವಳು ಹಿಂದೆ ಹಿಂದೆ ಬರುತ್ತಿದ್ದಳು. ತಿರುಗಿ ನೋಡಿದರೆ ಇಲ್ಲ.

ಬಂದ ದಾರಿಯಲ್ಲಿ ಓಡಿದ. ಅವಳು ಒಂದು ಅಂಗಡಿಯ ಮುಂದೆ ನಿಂತಿದ್ದಳು. ಬೋರ್ಡಿನ ಮೇಲೆ ದೊಡ್ಡ ಹಲ್ಲುಸಾಲು ಬರೆದಿತ್ತು, ಕೆಳಗೆ ಚೀನೀ ಅಕ್ಷರ. ಒಳಗಿದ್ದ ಬಿಳಿಗೂದಲಿನ ಚೀನೀ ದಂತವೈದ್ಯ ಹೊರಗೆ ಬಂದು ಏನು ಬೇಕಮ್ಮಾ ಎಂದು ಹಿಂದುಸ್ತಾನಿಯಲ್ಲಿ ಕೇಳುತ್ತಿದ್ದ. ಹುಡುಗಿ ಇಂಥ ಅಕ್ಷರ ರಂಗೂನಿನಲ್ಲಿ ನೋಡಿದ್ದೇನೆ ಎಂದಳು.

ದಶರಥ ಅವಳ ತೋಳು ಹಿಡಿದು ನಿಂತ. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ವರ್ಷದ ಪ್ರಾಣಿಯ ಲೆಕ್ಕ ಇವರನ್ನು ಬಿಟ್ಟರೆ ಮತ್ತೆ ಯಾರನ್ನು ಕೇಳಲಿ ಎನ್ನಿಸಿ, ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ನಡೆದದ್ದೆಲ್ಲ ಹೇಳಿದ. ವೈದ್ಯ ನಡುವೆ ಬಾಯಿ ಹಾಕದೆ ಕೇಳಿದ. ಆಮೇಲೆ ಮಗಳು ಹುಲಿ ಎಂದು ಯಾರು ಹೇಳಿದರು ಎಂದು ವಿಚಾರಿಸಿದ. ದಶರಥ ಕುಲಾಯಿಯ ವಿಷಯ ಹೇಳಿದ.

ಆ ಕುಲಾಯಿಯನ್ನು ತಮ್ಮಲ್ಲಿ ಎಲ್ಲ ಕೂಸುಗಳಿಗೂ ತೊಡಿಸುತ್ತಾರೆ ಎಂದ ವೈದ್ಯ. ಇಲಿಯ ವರ್ಷದ್ದಿರಲಿ, ಹಂದಿಯ ವರ್ಷದ್ದಿರಲಿ, ದೆವ್ವಗಿವ್ವ ಹುಲಿಗೆ ಹೆದರಿ ದೂರ ಇರಲೆಂದು. ಕೂಸು ಹುಟ್ಟಿದ್ದು ಯಾವಾಗ ಎಂದು ಕೇಳಿದ. ಮೂವತ್ತೆಂಟನೆಯ ಇಸವಿ, ಸಂಕ್ರಮಣವಾಗಿ ಎಂಟು ದಿನಕ್ಕೆ ಎಂದ ದಶರಥ. ವೈದ್ಯ ಒಳಗಿನಿಂದ ಅಂಚು ಸವೆದ ಪಂಚಾಂಗ ತಂದು, ಹಾಳೆ ತಿರುವಿ, ಬೆರಳಿಟ್ಟು ನೋಡಿದ. ತಮ್ಮ ಹೊಸ ವರ್ಷ ಜನವರಿಯ ಒಂದನೆಯ ತಾರೀಖಿಗೆ ಆಗುವುದಿಲ್ಲ, ಅಮಾವಾಸ್ಯೆ ನೋಡಿ ಆಗುತ್ತದೆ, ಆ ಸಲ ಜನವರಿಯ ಕೊನೆಯ ದಿನ ಬಂದಿತ್ತು ಎಂದು ವಿವರಿಸಿದ. ಅಲ್ಲಿಯವರೆಗೆ ಹುಟ್ಟಿದವರೆಲ್ಲ ಹಿಂದಿನ ವರ್ಷಕ್ಕೆ, ಅಂದರೆ ಎತ್ತಿಗೆ ಸೇರಿದವರು. ಗೋಡೆಯ ಮೇಲೆ ಹುಲಿಯ ಚಿತ್ರ ಬಂದದ್ದು ಕೂಸು ಹುಟ್ಟಿದ ಮೇಲೆ.

"ಹತ್ತು ವರ್ಷ ಅಂತ ಬರ್ದಾರಲ್ರಿ," ಎಂದ ದಶರಥ.

ತಮ್ಮವರು ಹುಟ್ಟಿದಾಗಲೇ ಒಂದು ಎಂದು ಎಣಿಸುತ್ತಾರೆ, ಹೊಸ ವರ್ಷ ಬಂದರೆ ಇನ್ನೊಂದು ಕೂಡಿಸುತ್ತಾರೆ ಎಂದ ವೈದ್ಯ. ಆ ಕೂಸಿಗೆ ಒಂಬತ್ತೇ ದಿನಕ್ಕೆ ಎರಡು ವರ್ಷವಾಗಿತ್ತು. ಚೀನೀ ನರ್ಸಿನ ಹತ್ತು ಎಂದರೆ ಇವರ ಎಂಟು.

ದಶರಥ ಎರಡೂ ಕೈಯಿಂದ ಮೋರೆ ಮುಚ್ಚಿಕೊಂಡ. ವೈದ್ಯ ಪಂಚಾಂಗ ಮಡಚಿ, ಮೆಲ್ಲಗೆ ಇನ್ನೊಂದು ಮಾತು ಹೇಳಿದ. ಆ ವರ್ಷ ರಂಗೂನಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಎಷ್ಟೋ. ಲೆಕ್ಕ ಕೂಡಿಬಂತು ಎಂದು ಹೇಳಬಲ್ಲೆ, ಇವಳು ನಿನ್ನ ಮಗಳೇ ಎಂದು ಹೇಳಲಾರೆ. ಅದಕ್ಕೆ ಪಂಚಾಂಗ ಸಾಲದು.

ಸ್ಟೇಷನ್ನಿಗೆ ಮರಳಿದಾಗ ಆಶ್ರಮದ ಬಾಯಿ ಬೆಂಚಿನ ಮೇಲೆ ಕಾದಿದ್ದಳು. ದಶರಥ ಕೈಮುಗಿದು, ತನ್ನದೇ ತಪ್ಪಾಯಿತು, ಹುಡುಗಿಯನ್ನು ಕಳಿಸುವುದಿಲ್ಲ ಎಂದ. ಆಕೆ ಬೇಸರದಿಂದ ಇವಳು ನಿನ್ನ ಮಗಳೋ ಅಲ್ಲವೋ ಒಂದು ತೀರ್ಮಾನಕ್ಕೆ ಬಾ, ಕಚೇರಿಯಲ್ಲಿ ಬರೆದುಕೊಡು ಎಂದು ಗದರಿದಳು.

ಊರ ಕಡೆಯ ಗಾಡಿಗೆ ಕಾಯುತ್ತ ಕುಳಿತಾಗ ಹುಡುಗಿ ಬುತ್ತಿ ಬಿಚ್ಚಿ, ಅವನ ಪಾಲು ಅವನ ಮುಂದಿಟ್ಟಳು.

"ಈಗ ನಾ ನಿಮ್ಮ ಮಗಳಾದ್ನೇನ್ರಿ?"

ಹೌದು ಎನ್ನುವುದು ಸುಲಭವಿತ್ತು. ಆದರೆ ಅವಳು ಅವನನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲವ್ವ," ಎಂದ ದಶರಥ. "ಇನ್ನ ಮುಂದ ಗೊತ್ತಾಗಂಗೂ ಇಲ್ಲ. ಆದ್ರ ನೀ ಮನ್ಯಾಗ ಇರು. ನಾ ಮತ್ತ ಹಿಂಗ ಮಾಡಂಗಿಲ್ಲ."

ಹುಡುಗಿ ತಲೆಯಾಡಿಸಿ ರೊಟ್ಟಿ ಮುರಿದಳು.

ನಾಲ್ಕು ದಿನದ ಮೇಲೆ ಅವನು ಆಳಂದಕ್ಕೆ ಹೋದ. ಸಲಾವುದ್ದೀನ ಕಲಕತ್ತೆಯ ಅರ್ಜಿಯ ನಕಲು ಹೊರತೆಗೆದ. ಹುಡುಗಿ ತನ್ನ ಮಗಳೆಂದು ಬರೆಸಿಕೊಳ್ಳಿ, ಆದರೆ ಹುಡುಕುವ ಅರ್ಜಿಯನ್ನೂ ಹಾಗೆಯೇ ಇಡಿ ಎಂದು ದಶರಥ ಕೇಳಿಕೊಂಡ.

"ಅದು ಆಗಂಗಿಲ್ಲ, ದಶರಥ. ಸಿಕ್ಕಾಳ ಅಂತ ಬರದ್ರ ಹಳೇ ಅರ್ಜಿ ರದ್ದಾಗ್ತದ. ಒಬ್ಬಾಕಿ ಮಗಳು ಸಿಕ್ಕಾಳ, ಸಿಕ್ಕಿಲ್ಲ, ಎರಡೂ ಹ್ಯಾಂಗ ಬರೀಲಿ?"

ದಶರಥ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕುಳಿತ. ಅರ್ಜಿ ಇದ್ದರೆ ಯಾರೋ ಎಲ್ಲಿಯೋ ಒಮ್ಮೆಯಾದರೂ ಆ ಹೆಸರು ಓದುತ್ತಾರೆ. ಇಲ್ಲವಾದರೆ ಅದೂ ಇಲ್ಲ. ಮನೆಯಲ್ಲಿರುವ ಹುಡುಗಿಗೆ ಮಾತು ಕೊಟ್ಟಾಗಿದೆ. ಕಚೇರಿ ಮುಚ್ಚುವ ಹೊತ್ತಿಗೆ ಒಳಗೆ ಬಂದು ಹೆಬ್ಬೆಟ್ಟು ಒತ್ತಿದ. ಸಲಾವುದ್ದೀನ ಹಳೆಯ ಅರ್ಜಿಯ ಮೇಲೆ ಅಡ್ಡಗೆರೆ ಎಳೆದದ್ದನ್ನು ನಿಂತು ನೋಡಿದ.

ಮನೆಗೆ ಬಂದಾಗ ದ್ರೌಪದಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಸೊಲ್ಲಾಪುರದಿಂದ ಬಂದ ಮೇಲೂ ಅವನೊಂದಿಗೆ ಆಕೆ ಸರಿಯಾಗಿ ಮಾತಾಡಿರಲಿಲ್ಲ. ಏನು ಬರೆಸಿದಿರಿ ಎಂದು ಕೇಳಿದಳು. ಅವನು ಹೇಳಿದ. ಸಂತೋಷಪಡುತ್ತಾಳೆ ಎಂದುಕೊಂಡಿದ್ದ.

ದ್ರೌಪದಿ ಮೊರ ಕೆಳಗಿಟ್ಟಳು. ಹುಡುಗಿ ಬಾವಿಗೆ ಹೋಗಿದ್ದಾಳೆಂಬುದನ್ನು ಖಾತ್ರಿ ಮಾಡಿಕೊಳ್ಳುವಂತೆ ಓಣಿಯ ಕಡೆ ನೋಡಿದಳು.

"ಹಂಗಾದ್ರ ಅಕಿನ್ನ ಇನ್ನ ಯಾರೂ ಹುಡುಕಂಗಿಲ್ಲ," ಎಂದಳು.

ದಶರಥನಿಗೆ ಆಗ ತಿಳಿಯಿತು. ಕಲಬುರಗಿಯ ಸ್ಟೇಷನ್ನಿನಲ್ಲಿ ಹುಡುಗಿಯನ್ನು ಮಡಿಲಿಗೆ ಎಳೆದುಕೊಂಡಾಗ ಆಕೆಗೂ ಗುರುತು ಹತ್ತಿರಲಿಲ್ಲ. ಆರು ತಿಂಗಳು ಒಬ್ಬಳೇ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅವನು ಪಕ್ಕದಲ್ಲಿ ಕುಳಿತ. ಹೊಳೆಯ ದಂಡೆಯ ಮೇಲೂ ಅಳದವಳು ಸೆರಗು ಬಾಯಿಗೊತ್ತಿ ಅಳತೊಡಗಿದಳು.

ಹುಡುಗಿ ಕೊಡ ಹೊತ್ತು ಬಂದು ಇಬ್ಬರನ್ನೂ ನೋಡಿದಳು. ಏನೂ ಕೇಳದೆ ನೀರು ಇಳಿಸಿ, ಮೊರ ಎತ್ತಿಕೊಂಡು, ಉಳಿದ ತೊಗರಿ ಕೇರಲು ಕುಳಿತಳು.