ಎರಡು ಊರಿನ ರಕ್ತ

ಹಳೇಬೀಡು ದಾಟುವವರೆಗೆ ಅಮ್ಮ ಮಾತಾಡುತ್ತಿರಲಿಲ್ಲ. ಬೇಲೂರಿನಲ್ಲಿ ಬಸ್ಸು ಹತ್ತಿದವರಲ್ಲಿ ಅರ್ಧ ಜನ ಪರಿಚಿತರು. ಅವರೆಲ್ಲ ಇಳಿದು, ಬಸ್ಸು ಜಾವಗಲ್ ರಸ್ತೆಗೆ ತಿರುಗಿದ ಮೇಲೆ ಅವಳು ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ತಾನು ಶಾಲೆ ತಪ್ಪಿಸುತ್ತಿದ್ದ ಕತೆಗಳನ್ನು ಶುರು ಮಾಡುತ್ತಿದ್ದಳು. ಪ್ರತಿ ತಿಂಗಳು ಹನ್ನೆರಡನೇ ತಾರೀಖು ನನಗೂ ಶಾಲೆ ಇಲ್ಲ. ಕೇಳಿದವರಿಗೆ ಅರಸೀಕೆರೆ ಬಳಿಯ ಮಾಲೇಕಲ್ಲು ತಿರುಪತಿಯ ಹರಕೆ ಎನ್ನುತ್ತಿದ್ದಳು.

ಅರಸೀಕೆರೆ ಆಸ್ಪತ್ರೆಯಲ್ಲಿ ಮಾತ್ರೆಯ ಡಬ್ಬಿ ತೆಗೆದುಕೊಂಡು ನಾವು ರೈಲ್ವೆ ಸ್ಟೇಷನ್ನಿಗೆ ನಡೆಯುತ್ತಿದ್ದೆವು. ಅಲ್ಲಿ ಮೊಸರನ್ನ ತಿನ್ನುವ ಮೊದಲು ನನ್ನದೊಂದು ಕೆಲಸ: ಡಬ್ಬಿಯನ್ನು ನಲ್ಲಿ ನೀರಿನಲ್ಲಿ ನೆನೆಸಿ ಲೇಬಲ್ ಸುಲಿಯುವುದು. ಹರಿಯದೆ ಒಂದೇ ಸಲಕ್ಕೆ ಸುಲಿದರೆ ಅಮ್ಮ ಕಡ್ಲೆಮಿಠಾಯಿ ಕೊಡಿಸುತ್ತಿದ್ದಳು. ಆಮೇಲೆ ಡಬ್ಬಿಯೊಳಗೆ ಹತ್ತಿ ತುರುಕಿ ಕಿವಿಯ ಬಳಿ ಕುಲುಕಿ ನೋಡುತ್ತಿದ್ದಳು. ಸದ್ದು ಬರಬಾರದು. ನನ್ನ ಬಾಲ್ಯದಲ್ಲಿ ಅಷ್ಟು ಸುಖದ ದಿನಗಳು ಬೇರೆ ಇರಲಿಲ್ಲ. ಅಪ್ಪ ಸತ್ತದ್ದು ಎಚ್‌ಐವಿಯಿಂದ, ಅಮ್ಮನಿಗೂ ಅದು ಇದೆ, ನನಗಿಲ್ಲ ಎಂದು ತಿಳಿದಾಗ ನನಗೆ ಹದಿನೈದು. ತಿಳಿದ ಮೇಲೂ ಲೇಬಲ್ ಸುಲಿಯುವ ಕೆಲಸ ನನ್ನದೇ ಆಗಿತ್ತು.

ಹೀಗೆ ಒಟ್ಟು ಹದಿನೇಳು ವರ್ಷ ಕಳೆದವು. ಈ ವರ್ಷ ಅಮ್ಮನ ಬೆರಳ ಗೆಣ್ಣುಗಳು ಊದಿಕೊಂಡವು. ಅವಳು ಬೇಲೂರಿನ ಹದಿನಾಲ್ಕು ಮನೆಗಳಿಗೆ ವರ್ತನೆಯ ಹೂವು ಕಟ್ಟುವವಳು. ದಿನಾ ಬೆಳಗ್ಗೆ ದೇವರ ಪೂಜೆಗೆ ಮೊದಲು ಮಾಲೆ ಬಾಗಿಲಿಗೆ ಮುಟ್ಟಬೇಕು. ಈ ನೋವಿಗೆಂದು ಅರಸೀಕೆರೆಗೆ ಹೋಗುವುದೇಕೆ ಎಂದು ಇಲ್ಲೇ ಡಾಕ್ಟರ್ ಯೋಗನರಸಿಂಹ ಅವರ ಕ್ಲಿನಿಕ್ಕಿಗೆ ಹೋದಳು. ಬೇರೆ ಮಾತ್ರೆ ಏನಾದರೂ ತಗೋತೀರಾ ಎಂದು ಅವರು ಕೇಳಿದಾಗ ಇಲ್ಲ ಎಂದಳು. ನಾನು ಪಕ್ಕದಲ್ಲೇ ಕೂತಿದ್ದೆ.

ಅವರು ಬರೆದುಕೊಟ್ಟ ರಕ್ತಪರೀಕ್ಷೆಯ ವರದಿ ಬಂತು. ತನ್ನದೇ ದೇಹದ ಮೇಲೆ ತಿರುಗಿ ಬೀಳುವ ಪ್ರತಿಕಾಯಗಳು ಅಮ್ಮನ ರಕ್ತದಲ್ಲಿ ಇವೆಯಂತೆ. ಮುಂದಿನ ವಾರದಿಂದ ಸ್ಟೀರಾಯ್ಡ್, ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಎಂದರು.

ಆ ವರದಿ ಹಿಡಿದು ನಾನೊಬ್ಬಳೇ ಅರಸೀಕೆರೆಗೆ ಹೋದೆ. ಅಲ್ಲಿಯ ಡಾಕ್ಟರಮ್ಮ ಅದನ್ನು ಎರಡು ಸಲ ಓದಿದರು.

"ಇಷ್ಟು ವರ್ಷ ಈ ವೈರಸ್ ಜೊತೆ ಇರೋರ ರಕ್ತದಲ್ಲಿ ಇಂಥವು ಕಾಣಿಸ್ಕೊಳ್ಳೋದುಂಟು ಕಣಮ್ಮ. ಅದರಿಂದ್ಲೇ ಕಾಯಿಲೆ ಅಂತ ಹೇಳೋಕಾಗಲ್ಲ. ಬೇರೆ ಪರೀಕ್ಷೆ ಬೇಕು. ಈಗಲೇ ಶಕ್ತಿ ತಗ್ಗಿಸಿಬಿಟ್ರೆ, ನಾವು ಇಲ್ಲಿ ಇಷ್ಟು ವರ್ಷ ಕಾಪಾಡಿರೋದು ಏನಾಗ್ಬೇಕು? ಬೇಲೂರು ಡಾಕ್ಟರಿಗೆ ಇವರ ವಿಷಯ ಗೊತ್ತಾ?"

ಗೊತ್ತಿಲ್ಲ ಎಂದೆ.

ಮನೆಯಲ್ಲಿ ಅಮ್ಮ ಕನಕಾಂಬರದ ಮುಂದೆ ಕೂತಿದ್ದಳು. ಎಲ್ಲ ಹೇಳಿದೆ, ಯೋಗನರಸಿಂಹ ಅವರಿಗೆ ನಿಜ ತಿಳಿಸಿಬಿಡೋಣ ಎಂದೆ.

"ಅವರ ಕ್ಲಿನಿಕ್ಕಲ್ಲಿರೋ ನರ್ಸ್ ಯಾರು ಗೊತ್ತಾ? ವೆಂಕಟಲಕ್ಷ್ಮಮ್ಮ. ನಾನು ಹೂವು ಕೊಡೋ ಹದಿನಾಲ್ಕು ಮನೇಲಿ ಅವಳದೂ ಒಂದು. ಗೊತ್ತಾದ್ರೆ ನನ್ನ ಕೈಯಿನ ಹೂವು ಯಾರು ಮುಟ್ತಾರೆ, ಹೇಳು."

"ಆ ಮಾತ್ರೆ ತಗೊಂಡ್ರೆ ಕೈಯೇ ಇರಲ್ಲಮ್ಮ."

"ಆಹಾ, ಮಾತು ಕಲಿತಿದೀಯ ಕಣೇ," ಎಂದಳು. ಮಾಲೆ ಮುಗಿಸಿ ದಾರವನ್ನು ಹಲ್ಲಿನಿಂದ ಕಡಿದು, "ಬೆಳಗ್ಗೆ ಹೋಗೋಣ," ಎಂದಳು.

ಕ್ಲಿನಿಕ್ಕಿನಲ್ಲಿ ಅಮ್ಮ ಕೂತ ತಕ್ಷಣ, "ಡಾಕ್ಟ್ರೇ, ಅವತ್ತು ನಾನು ಸುಳ್ಳು ಹೇಳಿದೆ," ಎಂದಳು. ಅವರು ನರ್ಸಮ್ಮನತ್ತ ನೋಡಿ, ಹೊರಗಿರಿ ಎಂಬಂತೆ ಸನ್ನೆ ಮಾಡಿದರು.

"ಬಾಗಿಲ ಹಿಂದೆ ನಿಂತು ಅರ್ಧ ಕೇಳಿಸ್ಕೊಳ್ಳೋದಕ್ಕಿಂತ ಇಲ್ಲೇ ಪೂರ್ತಿ ಕೇಳ್ಲಿ ಬಿಡಿ," ಎಂದಳು ಅಮ್ಮ.

ವೆಂಕಟಲಕ್ಷ್ಮಮ್ಮ ಬಿಪಿ ನೋಡುವ ಪಟ್ಟಿಯನ್ನು ಸುತ್ತುತ್ತ ನಿಂತೇ ಇದ್ದರು. ಅಮ್ಮ ಹೇಳಿದಳು. ಮಾತ್ರೆಯ ಹೆಸರು ಅವಳ ಬಾಯಿಗೆ ಬರಲಿಲ್ಲ, ನಾನು ಹೇಳಿದೆ. ಸುಲಿದು ಸುಲಿದು ಆ ಅಕ್ಷರಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಯೋಗನರಸಿಂಹ ಅವರು ಬರೆದುಕೊಂಡರು, ತಮ್ಮ ಹಳೆಯ ಚೀಟಿಯ ಮೇಲೆ ಅಡ್ಡಗೆರೆ ಎಳೆದರು, ಅರಸೀಕೆರೆ ಡಾಕ್ಟರ ಫೋನ್ ನಂಬರ್ ಕೇಳಿದರು. "ಮೊದಲೇ ಹೇಳ್ಬೇಕಿತ್ತು ಕಣಮ್ಮ," ಎಂದರು, ಮೆತ್ತಗೆ. ಬೆರಳ ನೋವಿಗೆ ಬೇರೆ ಪರೀಕ್ಷೆ ಬರೆದರು.

ಹೊರಡುವಾಗ ವೆಂಕಟಲಕ್ಷ್ಮಮ್ಮ ಬಾಗಿಲವರೆಗೆ ಬಂದರು.

"ಅನುಸೂಯಮ್ಮ, ಈ ವಾರ ಹೂವು ಬ್ಯಾಡ. ಹಗರೆಗೆ ಮಗಳ ಮನೇಗೆ ಹೋಗೋದೈತೆ."

"ಆಗ್ಲಿ. ಬಂದ್ಮೇಲೆ ಹೇಳಿ ಕಳ್ಸಿ," ಎಂದಳು ಅಮ್ಮ.

ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಕೇಳಿದೆ: "ನಿಜವಾಗ್ಲೂ ಹಗರೆಗೆ ಹೋಗ್ತಾರಾ ಅಮ್ಮ?"

"ಮಗಳು ಹಗರೇಲಿ ಇರೋದಂತೂ ನಿಜ," ಎಂದಳು. ಉಳಿದ ಹದಿಮೂರು ಮನೆಗೆ ಮಲ್ಲಿಗೆ ಸಾಲುತ್ತೋ ಇಲ್ಲವೋ ನೋಡಬೇಕೆಂದು ಹೂವಿನಂಗಡಿಯ ಕಡೆ ಹೊರಟಳು.