ಹಸಿದ ತೊಟ್ಟಿ

“ಹುಟ್ಟಿದ್ದಕ್ಕೆ ಒಂದ್ಸಲನಾದ್ರೂ ನಿಮ್ಮ ಹೇಲು ಉಪಯೋಗಕ್ಕೆ ಬರ್ಲಿ, ಸಾಲುಮನೆಯೋರನ್ನೆಲ್ಲ ಕರ್ಕೊಂಡು ಬಾರೋ!” ಎಂದ ಹಾಸ್ಟೆಲ್ ವಾರ್ಡನ್, ಮೂಗಿಗೆ ಕರವಸ್ತ್ರ ಒತ್ತಿಕೊಂಡು.

ನಾನು ಹಾಸ್ಟೆಲಿನ ಕೊಳಚೆ ತೊಟ್ಟಿಯ ಮೇಲಿನ ಕಪ್ಪು ನೊರೆ ಬಾಚುತ್ತಿದ್ದೆ. ರಜೆ ಬಂದು ಹಾಸ್ಟೆಲ್ ಖಾಲಿಯಾಗಿತ್ತು. ಕಕ್ಕಸಿನ ನೀರು ಬರದಿದ್ದರೆ, ತೊಟ್ಟಿಯೊಳಗೆ ಹೊಲಸು ತಿಂದು ನೀರು ತಿಳಿ ಮಾಡುವ ಜೀವಿಗಳಿಗೆ ಉಪವಾಸ. ಕಣ್ಣಿಗೆ ಕಾಣದ ಅವನ್ನು ನಾವು ಹುಳ ಅನ್ನುತ್ತೇವೆ. ಗಾಳಿ ಊದುವ ಮೋಟಾರಿನ ವೇಗ ತಗ್ಗಿಸಿದ್ದಾಯಿತು, ತಳದ ಕೆಸರನ್ನೇ ಮತ್ತೆ ಮತ್ತೆ ತಿರುಗಿಸಿದ್ದಾಯಿತು, ಅಡುಗೆಮನೆಯ ಮುಗ್ಗಿದ ಹಿಟ್ಟು ಸುರಿದದ್ದಾಯಿತು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹುಳ ಸಾಯುತ್ತಿದ್ದವು, ನಾತ ನೆತ್ತಿಗೇರುತ್ತಿತ್ತು.

“ತೊಟ್ಟಿ ಸತ್ರೆ ನಿನ್ನ ಕೆಲಸಾನೂ ಸತ್ತಂಗೇ, ತಿಳ್ಕೋ.”

“ಕಕ್ಕಸಿಗೆ ಬೀಗ ಹಾಕಿದೀರಲ್ಲ ಸಾರ್?”

“ತೆಗೀತೀನಿ. ಬಾಯ್ಮುಚ್ಕೊಂಡು ಕರ್ಕೊಂಡ್ ಬಾ.”

ಆ ಬೀಗ ತಂದದ್ದೇ ನಮ್ಮಕ್ಕನಿಗಾಗಿ. ದಿನಾ ಆ ಕಕ್ಕಸುಗಳನ್ನು ತೊಳೆಯುವವಳು ಅವಳೇ, ಆದರೆ ಕೂರುವ ಹಾಗಿರಲಿಲ್ಲ. ಹಾಸ್ಟೆಲಿನ ಹಿಂದೆ ಕೆಲಸದವರ ಸಾಲುಮನೆಯಲ್ಲಿದ್ದ ನಮಗೆಲ್ಲ ಬೇಲಿಯಾಚೆಯ ಪೊದೆಯೇ ಗತಿ. ಒಮ್ಮೆ ಬೇದಿ ತಡೆಯಲಾರದೆ ಒಳಗೆ ನುಗ್ಗಿದ್ದಳು. “ಥೂ ದರಿದ್ರದೋಳೇ, ನೀನು ಕೂತಲ್ಲಿ ನಮ್ಮ ಹುಡುಗ್ರು ಕೂತ್ಕೋಬೇಕಾ?” ಎಂದು ಈ ಬೋಳಿಮಗ ಹುಡುಗರನ್ನೆಲ್ಲ ಕರೆದು ನಿಲ್ಲಿಸಿ, ಅವಳ ಕೈಯ ಬ್ರಶ್ ಕಿತ್ತುಕೊಂಡು, ಕಕ್ಕಸುಗಳ ಇಡೀ ಸಾಲನ್ನು ಬರಿಗೈಯಲ್ಲಿ ಉಜ್ಜಿಸಿದ. ಹುಡುಗರು ನಕ್ಕರು. ಅಕ್ಕ ಅವತ್ತು ತಟ್ಟೆ ಮುಟ್ಟಲಿಲ್ಲ. ಮರುದಿನವೇ ಬೀಗ ಬಂತು; ಹುಡುಗರಿಲ್ಲದ ಹೊತ್ತಿನಲ್ಲೆಲ್ಲ ಜಡಿದಿರುತ್ತಿತ್ತು.

ಸಾಲುಮನೆಗೆ ಹೋಗಿ ವಾರ್ಡನ್ ಅಂದದ್ದನ್ನು ಹೇಳಿದೆ.

“ಏನಂದ? ಹುಳಕ್ಕೆ ಹಸಿವಾಯ್ತಂತಾ? ಅಯ್ಯೋ ಪಾಪ!” ಅಕ್ಕ ಕ್ಯಾಕರಿಸಿ ಉಗಿದಳು.

“ನನ್ನ ಕೆಲ್ಸ ಹೋಗುತ್ತಕ್ಕಾ,” ಎಂದೆ. ನನ್ನ ಮಾತಿಗೆ ನನಗೇ ಹೇಸಿಗೆಯಾಯಿತು.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. “ಚೆಂಬು ತಗೋ ಚಿಕ್ಕಮ್ಮಾ. ಎಲ್ರೂ ನಡೀರಿ,” ಎಂದಳು.

ವಾರ್ಡನ್ ಬೀಗ ತೆಗೆದು ಚಿಲಕಕ್ಕೆ ತೂಗುಹಾಕಿದ. “ಹುಡುಗ್ರು ಬರೋ ತನಕ ಅಷ್ಟೇ. ಆಮೇಲೆ ಮತ್ತೆ ನಿಮ್ಮ ಪೊದೆಗೇ. ಹೊಟ್ಟೆ ತುಂಬ ತಿಂದ್ಕೊಂಡ್ ಬಂದಿದೀರಾ ತಾನೆ?” ಎಂದು ಹಲ್ಲು ಕಿರಿದ.

ಯಾರೂ ನಗಲಿಲ್ಲ. ಅಕ್ಕ ಬೀಗವನ್ನು ಕೀಲಿಯ ಸಮೇತ ಬಿಡಿಸಿಕೊಂಡು, ಪಕ್ಕದಲ್ಲೇ ಇದ್ದ ತೊಟ್ಟಿಯತ್ತ ನಡೆದು ಒಳಗೆ ಎಸೆದಳು. ಕಪ್ಪು ನೊರೆ ಬಾಯಿಬಿಟ್ಟು ಮುಚ್ಚಿಕೊಂಡಿತು.

“ಮೊದ್ಲು ಅದನ್ನ ತಿನ್ಲಿ ನಿಮ್ಮ ಹುಳ. ಇನ್ನೊಂದು ಬೀಗ ತಂದ್ರೆ ಅದೂ ಅಲ್ಲಿಗೇ. ಇವತ್ತಿಂದ ವರ್ಷವಿಡೀ ನಾವು ಇಲ್ಲೇ ಕೂರೋದು.”

ಕಕ್ಕಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಚಿಲಕ ಬಿದ್ದದ್ದು ಎಲ್ಲರಿಗೂ ಕೇಳಿಸಿತು.

“ಲೇ ಸೂಳೆಮಗನೇ, ನೋಡ್ತಾ ನಿಂತಿದೀಯಲ್ಲೋ!” ವಾರ್ಡನ್ ನನ್ನ ಮೇಲೆ ಹಾರಿಬಿದ್ದ. “ಕೆಲ್ಸ ಬೇಕಾ ಬೇಡ್ವಾ? ಇಳಿ! ಮುಳುಗಿ ತೆಗಿ ಬೀಗಾನ!”

ನಾನು ತೊಟ್ಟಿ ನೋಡಿದೆ. ಕೈಯಲ್ಲಿದ್ದ ನೊರೆ ಬಾಚುವ ಕೋಲನ್ನು ಗೋಡೆಗೆ ಒರಗಿಸಿ, ಕಕ್ಕಸಿನ ಮುಂದಿನ ಸಾಲಿನಲ್ಲಿ ಚಿಕ್ಕಮ್ಮನ ಹಿಂದೆ ಹೋಗಿ ನಿಂತೆ.