ಹಿಂದಿನ ಸಾಲಿನ ಇಪ್ಪತ್ತಾರು ಫೈಲು

"ಬರಿಯೋಕೆ ಕರೆದಿರೋದು ಕಣೇ ನಿನ್ನ, ಓದೋಕಲ್ಲ! ಮುಚ್ಕೊಂಡು ಬರಿ, ಮುಂಡೇದೆ!"

ಓದದೆ ಬರೆಯುವುದು ಹೇಗೆ ಅಂತ ಹೆಡ್ ಕ್ಲರ್ಕನ್ನೇ ಕೇಳಬೇಕೆನಿಸಿತು. ಕೇಳಿದ್ದರೆ ಒಂದು ಸಲ ಕೆಮ್ಮುತ್ತಿದ್ದ. ಸುಳ್ಳು ಹೇಳುವ ಮುಂಚೆ ಕೆಮ್ಮುವುದು ಅವನ ಅಭ್ಯಾಸ, ಅದಕ್ಕೇ ನಾವು ಅವನಿಗೆ ಕೆಮ್ಮಪ್ಪ ಅಂತ ಹೆಸರಿಟ್ಟಿದ್ದೆವು.

ನಾನು ಆ ಆಸ್ತಿ ದಾಖಲೆ ಆಫೀಸಿನ ಕಸ ಗುಡಿಸುವವಳು. ಒಂದು ದಿನ ಬೋರ್ಡು ಬರೆಯುವ ಪೇಂಟರ್ ಕೈಕೊಟ್ಟ. ಮೇಲಿನವರು ಬರುವ ಹೊತ್ತು, ಕೆಮ್ಮಪ್ಪನಿಗೆ ಪೀಕಲಾಟ. ನಾನೇ ಪೊರಕೆ ಬದಿಗಿಟ್ಟು ಬ್ರಷ್ ಹಿಡಿದು ಬರೆದೆ: 'ನಂಬರ್ ಹೇಳಿದವರಿಗೆ ಅದೇ ದಿನ ಫೈಲ್ ತೋರಿಸಲಾಗುವುದು.' ಆ ಬೋರ್ಡು ಈಗಲೂ ಕಿಟಕಿಯ ಮೇಲಿದೆ. ಅವತ್ತಿನಿಂದ ಹೊಸ ಫೈಲುಗಳ ಮೇಲೆ ಹೆಸರು ಬರೆಯುವ ಕೆಲಸವೂ ನನ್ನ ತಲೆಗೇ ಬಿತ್ತು. ಗುಡಿಸುವುದೇನೂ ತಪ್ಪಲಿಲ್ಲ.

ಜೊತೆಗೆ ನನ್ನ ನಾದಿನಿ. ಅವಳು ದಪ್ಪ ರಟ್ಟನ್ನು ಗೆರೆಯ ಮೇಲೆ ಮಡಿಸಿ ಫೈಲು ಮಾಡಿ, ಒಳಗೆ ಹಳೆಯ ಕಾಗದ ಸೇರಿಸಿ, ದಾರ ಕಟ್ಟಿ ನನ್ನತ್ತ ತಳ್ಳುತ್ತಾಳೆ. ನಾನು ಚೀಟಿಯಲ್ಲಿ ಮೂರು ಸಾಲು ಬರೆಯುತ್ತೇನೆ: ಯಾರದು, ಯಾವ ಬೀದಿ, ಎಷ್ಟನೇ ಮನೆ. ಎಡಗಡೆ ಮೂಲೆಗೆ ಅಂಟಿಸುತ್ತೇನೆ. ಆಮೇಲೆ ನಂಬರ್ ಮೆಷಿನ್. ಒಂದು ಸಲ ಒತ್ತಿದರೆ ಕಟಕ್ ಅಂತ ಒಂದು ನಂಬರ್ ಬೀಳುತ್ತದೆ, ತಾನೇ ಮುಂದಿನ ನಂಬರಿಗೆ ತಿರುಗುತ್ತದೆ. ಹಿಂದಕ್ಕೆ ಮಾತ್ರ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಕೊನೆಗೆ ಅದೇ ನಂಬರನ್ನು ಪಟ್ಟಿಯಲ್ಲಿ ಬರೆಯಬೇಕು. ಕುರ್ಚಿ ಹದಿನಾಲ್ಕು ಖಾಲಿ ಬಿದ್ದಿದ್ದರೂ ನಾವಿಬ್ಬರು ಕೂರುವುದು ನೆಲದ ಮೇಲೆ.

ಅವತ್ತು ಬೈಸಿಕೊಂಡದ್ದು ಒಂದು ಮೂಟೆಯ ದೆಸೆಯಿಂದ. ಅದರಲ್ಲಿ ನಮ್ಮ ಬೀದಿಯ ಕಾಗದಗಳಿದ್ದವು. ಗೋದಾಮಿನ ಬೆನ್ನಿಗೆ ಇಪ್ಪತ್ತಾರು ಮನೆ, ಹಿಂದಿನ ಸಾಲು ಅಂತಾರೆ. ನಮ್ಮ ಮಾವನ ಕಾಲದವರು ಬರೆದ ಅರ್ಜಿ, ಅವರಿಗೆ ಸಿಕ್ಕ ಮಂಜೂರಿ ಪತ್ರ, ನಲ್ಲಿ ಹಾಕಿಸಿದ ಕಾಗದ ಎಲ್ಲ ಅದರಲ್ಲೇ. ಓದಿ ನೋಡಿ, "ಸಾರ್, ಇವಕ್ಕೂ ಮನೆಗೊಂದು ಫೈಲ್ ಮಾಡ್ಲಾ?" ಅಂದೆ. ಅಷ್ಟಕ್ಕೇ ಮೊದಲು ಹೇಳಿದ ಆ ಆಶೀರ್ವಾದ.

"ಎಲ್ಲ ಸೇರಿಸಿ ಒಂದೇ ಫೈಲ್ ಮಾಡು," ಅಂದ. ಕೆಮ್ಮಿದ. "ಮೇಲೆ ಖಾಲಿ ಜಾಗ ಅಂತ ಬರಿ."

"ನಾನು ಅಲ್ಲೇ ಇರೋದಲ್ವಾ ಸಾರ್?"

"ಯಾರು ಹೇಳಿದ್ದು ನೀನು ಇದೀಯ ಅಂತ?" ಮೂಟೆಯನ್ನು ಕಾಲಿನಿಂದ ಒದ್ದ. ನಮ್ಮ ಮಾವನ ಹೆಬ್ಬೆಟ್ಟು ಒತ್ತಿದ ಹಾಳೆ ಹೊರಗೆ ಬಿತ್ತು. ಅದನ್ನು ಎತ್ತಿ ಮಡಿಸಿ ಮತ್ತೆ ಮೂಟೆಗೆ ಸೇರಿಸಿದೆ.

ಮಧ್ಯಾಹ್ನ ಗೋದಾಮಿನ ಯಜಮಾನ ಬಂದ. ಕೆಮ್ಮಪ್ಪ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು ಪಕ್ಕದಲ್ಲಿ ಕೈಕಟ್ಟಿ ನಿಂತ. ಯಜಮಾನನಿಗೆ ಫೈಲಿನ ಮೇಲೆ ತನ್ನ ಹೆಸರು ದಪ್ಪಗೆ ಕಾಣಬೇಕಂತೆ. ನನ್ನ ಕೈಲಿ ಚೀಟಿ ಮೂರು ಸಲ ಬರೆಸಿದ. ಮೂರನೆಯದನ್ನು ಹಿಡಿದು ನೋಡುವಾಗ ಬೆರಳಿಗೆ ಅಂಟು ಮೆತ್ತಿಕೊಂಡಿತು. ಅತ್ತಿತ್ತ ನೋಡಿದ, ಒರೆಸಲು ಏನೂ ಸಿಗಲಿಲ್ಲ. ಬಗ್ಗಿ ನನ್ನ ಭುಜದ ಬಟ್ಟೆಗೆ ಒರೆಸಿಕೊಂಡ.

"ಮೇಲಿನವರು ಫೈಲ್ ಎಣಿಸೋ ಈ ತಪಾಸಣೆ ಒಂದು ಮುಗೀಲಿ ಕಣಯ್ಯಾ," ಅಂದ ಕೆಮ್ಮಪ್ಪನಿಗೆ. "ಆ ಖಾಲಿ ಜಾಗದ ಕಾಗದ ನನ್ನ ಕೈಗೆ ಕೊಡು. ಸೋಮವಾರ ಕೆಡವೋ ಮೆಷಿನ್ ತರಿಸಿ ಆ ಕೊಂಪೆ ಎಲ್ಲ ಗುಡಿಸಿ ಹಾಕಿಸ್ತೀನಿ."

ಗುಡಿಸುವವಳು ಅಲ್ಲೇ ಕಾಲಬುಡದಲ್ಲಿ ಕೂತಿದ್ದಾಳೆ ಅನ್ನುವುದು ಅವನಿಗೆ ಹೊಳೆಯಲೂ ಇಲ್ಲ. ನಾದಿನಿ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು. "ಅವನ ಬೆರಳು ಸೇದಿ ಹೋಗ," ಅಂತ ಗೊಣಗಿದಳು.

ಸಂಜೆ ಮನೆಗೆ ಬಂದು ಅತ್ತೆಗೆ ಹೇಳಿ ಗೊಳೋ ಅಂತ ಅತ್ತುಬಿಟ್ಟೆ. ಅತ್ತೆ ಒಲೆ ಊದುತ್ತಿದ್ದರು. ಈ ಮನೆಗೆ ಇಟ್ಟಿಗೆ ಹೊತ್ತವರು, ಗೋಡೆಯ ತುಂಬ ಅವರ ಕೈಯ ಗಾರೆ. ಹಿಂದೆ ತಿರುಗದೆಯೇ ಕೇಳಿದರು: "ಹೆಸರು ಬರಿಯೋಳು ಯಾರು?"

"ನಾನೇ."

"ನಂಬರ್ ಒತ್ತೋಳು?"

"ನಾನೇ ಅತ್ತೆ."

"ಮತ್ತೆ ಯಾವ ಕರ್ಮಕ್ಕೆ ಅಳ್ತಾ ಇದೀಯ?" ಒಲೆಯಿಂದ ಈಚೆ ಬಂದರು. "ನನ್ನ ಹೆಸರು ಇವತ್ತಿನವರೆಗೂ ಯಾರೂ ಯಾವುದರ ಮೇಲೂ ಬರೆದಿಲ್ಲ. ಆ ಗೋದಾಮಿನವನಿಗಿಂತ ದಪ್ಪಕ್ಕೆ ಬರಿ."

ಮಾರನೆಯ ದಿನ ಕೆಮ್ಮಪ್ಪ ಊಟಕ್ಕೆ ಹೋದದ್ದೇ ತಡ, ಮೂಟೆ ಬಿಚ್ಚಿದೆವು. ನಾದಿನಿಯ ಕೈ ನೋಡಬೇಕಿತ್ತು. ಮಡಿಸುತ್ತಾಳೆ, ಕಟ್ಟುತ್ತಾಳೆ, ನಡುವೆ ಕಿಸಕ್ ಅಂತ ನಗುತ್ತಾಳೆ. "ಅಯ್ಯೋ ಅತ್ತಿಗೆ, ಈ ಜಗಳಗಂಟ ಗಾರೆಯವನಿಗೂ ಫೈಲಾ? ಇವನಿಗೆ ಚೀಟಿ ಸೊಟ್ಟಕ್ಕೆ ಅಂಟಿಸು." ನಾನು ನೆಟ್ಟಗೇ ಅಂಟಿಸಿದೆ. ಕೊನೆಯಲ್ಲಿ ಇಟ್ಟರೆ ಕಿತ್ತು ಬಿಸಾಡುವುದು ಸುಲಭ ಅಂತ ನಮ್ಮ ಸಾಲನ್ನು ಗೋದಾಮಿನ ಬೀದಿಗೂ ಮಾರ್ಕೆಟ್ ಬೀದಿಗೂ ನಡುವೆ ಸೇರಿಸಿದೆ. ಮೊದಲನೆಯದು ಅತ್ತೆಯದು. ಕಟಕ್. ನಾನೂರ ಹನ್ನೆರಡು. ಬಾಗಿಲ ಕಡೆ ಒಂದು ಸಲ ನೋಡಿಕೊಂಡೆ, ಸುಳ್ಳು ಯಾಕೆ ಹೇಳಲಿ. ಮುಂದೆ ಒತ್ತುತ್ತಾ ಹೋದಂತೆ ಖುಷಿಯೇ ಆಯಿತು. ನಾನೂರ ಮೂವತ್ತೇಳಕ್ಕೆ ಹಿಂದಿನ ಸಾಲು ಮುಗಿಯಿತು, ಮಾರ್ಕೆಟ್ ಬೀದಿ ಹಿಡಿದೆವು.

ಏನನ್ನೂ ಬಚ್ಚಿಡಲಿಲ್ಲ. ಮೂರನೇ ದಿನ ಸಾವಿರದ ಚಿಲ್ಲರೆ ಫೈಲು ಮುಗಿದಾಗ ಪಟ್ಟಿಯನ್ನು ಕೆಮ್ಮಪ್ಪನ ಮುಂದೆಯೇ ಇಟ್ಟು, "ಒಂದ್ಸಲ ಓದಿ ನೋಡಿ ಸಾರ್," ಅಂದೆ. ಫೋನಿನಲ್ಲಿ ಹಲ್ಲು ಕಿರಿಯುತ್ತಾ ಕೈ ಬೀಸಿದ. ಹಾಳೆ ತಿರುವಿದ, ಸಹಿ ಹಾಕಿದ, ತಿರುವಿದ, ಹಾಕಿದ. ಓದಬೇಡ ಅಂತ ನನಗೆ ಹೇಳಿದವನು ತಾನೂ ಓದಲಿಲ್ಲ. ತಪಾಸಣೆಯವರು ಬಂದರು, ಎಣಿಸಿದರು, ಎಲ್ಲೂ ನಂಬರ್ ಬಿಟ್ಟುಹೋಗಿಲ್ಲ ಅಂತ ಬರೆದುಕೊಂಡು ಪಟ್ಟಿಗೆ ಸೀಲು ಒತ್ತಿ, ಒಂದು ಪ್ರತಿ ತೆಗೆದುಕೊಂಡು ಹೊರಟರು.

ಸೋಮವಾರ ಬೆಳಿಗ್ಗೆ ಗೋದಾಮಿನ ಯಜಮಾನ ಬಂದು ಖಾಲಿ ಜಾಗದ ಫೈಲು ಕೇಳಿದ. ಕೆಮ್ಮಪ್ಪ ಬೀರು ಪೂರ್ತಿ ಜಾಲಾಡಿದ. ಸಿಕ್ಕಿದ್ದು ಇಪ್ಪತ್ತಾರು. ಕೆಮ್ಮುವುದನ್ನೂ ಮರೆತ.

"ಏನೇ ಮಾಡಿದ್ದೀಯ ಇದು, ದರಿದ್ರದವಳೇ!" ನಾನೂರ ಹನ್ನೆರಡನ್ನು ನನ್ನ ಮುಖಕ್ಕೆ ಎಸೆದ. "ಕೀಳು! ಒಂದೊಂದನ್ನೂ ಕಿತ್ತು ಹಾಕು!"

ಫೈಲು ಎತ್ತಿಕೊಂಡು ಧೂಳು ಒರೆಸಿದೆ. ಅತ್ತೆಯ ಹೆಸರು ಕೆಡಲಿಲ್ಲ.

"ಪಟ್ಟೀಲಿ ನಿಮ್ ಸಹಿ ಇದೆ ಸಾರ್. ನೀವೇ ಕೀಳಿ."

"ಕೆಲಸದಿಂದ ಒದ್ದು ಓಡಿಸ್ತೀನಿ!"

"ಓಡಿಸಿ. ಪೊರಕೆ ಆ ಮೂಲೇಲಿದೆ, ನೋಡ್ಕೊಳ್ಳಿ."

ಅವನು ಕಸಿದುಕೊಂಡು ಉಗುರಿನಿಂದ ಚೀಟಿ ಕೆರೆಯತೊಡಗಿದ. ಅಂಟು ಕಾಯಿಸಿದವಳು ನಾನು. ಚೀಟಿಯ ಅಂಚೂ ಏಳಲಿಲ್ಲ, ಅವನ ಉಗುರೇ ಮುರಿಯಿತು. "ಬೆಂಕಿ ಹಚ್ಚಯ್ಯಾ ಅದಕ್ಕೆ!" ಅಂತ ಯಜಮಾನ ಚೀರಿದ. ಹೊರಗೆ ಅವನ ಮೆಷಿನ್ನಿನ ಸದ್ದು ನಮ್ಮ ಬೀದಿಯ ಕಡೆಗೆ ಹೋಗುತ್ತಿತ್ತು.

ಅಷ್ಟರಲ್ಲಿ ಕಿಟಕಿಯ ಹತ್ತಿರ ಗಲಾಟೆ. ನಾದಿನಿ ನಮ್ಮ ಬೀದಿಯವರನ್ನೆಲ್ಲ ಎಬ್ಬಿಸಿಕೊಂಡು ಬಂದಿದ್ದಳು. ಬೋರ್ಡಿನ ಕೆಳಗೆ ಸಾಲು ನಿಂತಿತ್ತು. ಅತ್ತೆಯ ಅಂಗೈಯಲ್ಲಿ ನಾನು ಇಂಕಿನಲ್ಲಿ ಬರೆದುಕೊಟ್ಟ ನಂಬರ್. ಅದನ್ನು ನೋಡಲೇ ಇಲ್ಲ, ಬಾಯಿಪಾಠ ಆಗಿತ್ತು. ಸರಳುಗಳ ನಡುವೆ ಕೈ ತೂರಿಸಿ ಹಲಗೆ ಬಡಿದರು.

"ನಾನೂರ ಹನ್ನೆರಡು," ಅಂದರು. "ತೆಗಿಯಪ್ಪಾ, ನೋಡ್ಬೇಕು."

ಹಿಂದಿನಿಂದ ಜಗಳಗಂಟ ಗಾರೆಯವನ ದನಿ: "ನಾನೂರ ಹದಿಮೂರು! ಬೇಗ ತೆಗಿಯೋ ಬೋಳಿಮಗನೇ, ಖಾಲಿ ಜಾಗ ಅಲ್ಲ ಅಂತ ಮೆಷಿನ್ ಮುಂದೆ ಹೋಗಿ ನಿಲ್ಬೇಕು!"